ಶಸ್ತ್ರಚಿಕಿತ್ಸೆಯ ಕೊಠಡಿಯ ಗಾಳಿ

‘ಅರಿವಳಿಕೆ’ ಎಂಬುದು ಅರ್ಥವತ್ತಾದ ಮಾತು. ಅರಿವನ್ನು ಅಳಿಸುವುದು ಯಾವುದೋ ಅದು ಅರಿವಳಿಕೆ. ೧೮೪೬ರ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರಿನ ಆವಿಯನ್ನು ಕೊಟ್ಟು, ನೋವಿಲ್ಲದ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಲೋಕಕ್ಕೆ ತೋರಿಸಿಕೊಟ್ಟ. ಅಂದಿನಿಂದ ರೋಗಿಗಳಿಗಾದ ಉಪಕಾರವನ್ನು ಬಣ್ಣಿಸಿ ಮುಗಿಸುವಂತಿಲ್ಲ. ಆ ರೋಗಿಯ ಸುತ್ತ ಎಚ್ಚತ್ತು ದುಡಿಯುವವರ ಪಾಡನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳುತ್ತೇನೆ, ಲಾಲಿಸಬೇಕು.

ರೋಗಿ ಎಳೆದುಕೊಂಡ ಅನಿಲ ಬಹುಮಟ್ಟಿಗೆ ಅವನ ಉಸಿರಿನೊಡನೆಯೇ ಹೊರಬರುತ್ತದೆ. ಮುಖಕ್ಕೆ ಹಿಡಿದ ಮುಸುಕಿನ ಅಂಚಿನಿಂದ, ಸಡಿಲಗೊಂಡ ಕೊಳವೆಯಿಂದ, ಔಷಧಿ ತುಂಬುವಾಗ ಚೆಲ್ಲಿದ ಹನಿಯಿಂದ ಮತ್ತಷ್ಟು ಸೋರುತ್ತದೆ. ರೋಗಿ ಅದನ್ನು ಸೇವಿಸುವುದು ಬಾಳಿನಲ್ಲಿ ಒಂದೆರಡು ಸಲ; ವೈದ್ಯರೂ ದಾದಿಯರೂ ಸೇವಿಸುವುದು ಕೊಂಚಕೊಂಚವಾಗಿ, ವರ್ಷಗಟ್ಟಲೆ.

೧೯೬೭ರಲ್ಲಿ ಸೋವಿಯತ್ ದೇಶದ ವೈಸ್ಮನ್ ಎಂಬವರು ಅರಿವಳಿಕೆಯ ವೈದ್ಯರನ್ನು ವಿಚಾರಿಸಿದರು. ಹಲವರು ತಲೆನೋವು, ಆಯಾಸಗಳನ್ನು ಹೇಳಿಕೊಂಡರು. ವೈದ್ಯೆಯರ ೩೧ ಬಸಿರುಗಳಲ್ಲಿ ೧೮ ಗರ್ಭಪಾತದಲ್ಲಿ ಕೊನೆಗೊಂಡಿದ್ದವು. ಎಣಿಕೆ ಚಿಕ್ಕದು, ಅದೊಂದರಿಂದ ತೀರ್ಪು ಹೇಳಲಾಗದು. ಆದರೆ ವೈದ್ಯಲೋಕ ಎಚ್ಚತ್ತಿತು. ೧೯೯೨ರಲ್ಲಿ ಅಮೆರಿಕದ ದಂತಚಿಕಿತ್ಸಾಲಯಗಳ ಸಹಾಯಕಿಯರನ್ನು ಕುರಿತ ಶೋಧನೆಯೊಂದು ಪ್ರಕಟವಾಯಿತು. ನೈಟ್ರಸ್ ಆಕ್ಸೈಡ್ ಅನಿಲವನ್ನು ಹೊರಸಾಗಿಸುವ ಏರ್ಪಾಡಿಲ್ಲದ ಕಡೆ ವಾರಕ್ಕೆ ೫ ಗಂಟೆ ಅಥವಾ ಹೆಚ್ಚು ಕಾಲ ಅದರ ನಡುವೆ ದುಡಿದವರಿಗೆ ಬಸಿರಾಗುವುದು ತಡವಾಗುತ್ತಿತ್ತು; ಏರ್ಪಾಡಿದ್ದ ಕಡೆ ಈ ತೊಡಕು ಕಾಣಲಿಲ್ಲ. ಈ ಅನಿಲಕ್ಕೆ ದೇಹದೊಳಗಿನ ಬಿ-೧೨ ಜೀವಸತ್ವವನ್ನು ನಿರುಪಯುಕ್ತಗೊಳಿಸುವ ಗುಣವುಂಟು.

‘ವಾಸನೆಯೇ ಬರುತ್ತಿಲ್ಲವಲ್ಲ’ ಎಂದು ಸಮಾಧಾನ ಪಡುವಂತಿಲ್ಲ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೈಟ್ರಸ್ ಆಕ್ಸೈಡ್ ೨೫ ಪಾಲನ್ನೂ ಹ್ಯಾಲೊಥೇನ್ ಜಾತಿಯ ಆವಿ ೨ ಪಾಲನ್ನೂ ಮೀರಬಾರದೆಂದು ೧೯೭೭ರಲ್ಲಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಸಲಹೆ ಮಾಡಿತು. ಹ್ಯಾಲೊಥೇನ್ ಮೂಗಿಗೆ ತಿಳಿಯುವ ಹೊತ್ತಿಗೆ ಅದು ಈ ಮಿತಿಯನ್ನು ಎಷ್ಟೋ ಮಡಿ ದಾಟಿರುತ್ತದೆ.

ಪರಿಹಾರವೇನೂ ಬೆಟ್ಟ ಅಗೆಯುವ ಕೆಲಸವಲ್ಲ. ಯಂತ್ರದಿಂದ ಹೊರಬರುವ ಅನಿಲವನ್ನು ಕೊಳವೆಯ ಮೂಲಕ ಕಟ್ಟಡದಾಚೆಗೆ ಸಾಗಿಸಬೇಕು. ಕೊಠಡಿಗೆ ಹೊಸ ಗಾಳಿ ಬರುತ್ತಿರಬೇಕು. ಒಳಗಿನ ಗಾಳಿಯನ್ನೇ ತಂಪು ಮಾಡಿ ಸುತ್ತಿಸುವ ಯಂತ್ರದಿಂದ ಆ ಕೆಲಸವಾಗದು. ಮುಸುಕು ಮುಖಕ್ಕೆ ಬಿಗಿಯಾಗಿ ಕೂರಬೇಕು. ಕೊಳವೆಗಳ ಸೋರಿಕೆಯನ್ನು ಆಗಾಗ ಪರೀಕ್ಷಿಸಬೇಕು. ಚಿಕಿತ್ಸೆ ಮುಗಿದ ಮೇಲೂ ರೋಗಿ ಕೆಲಕಾಲ ಅನಿಲವನ್ನು ಉಸಿರಾಡಿ ಬಿಡುವುದರಿಂದ, ಅವನು ಚೇತರಿಸಿಕೊಳ್ಳುವ ಕೋಣೆಗೂ ಇದೇ ಕಾಳಜಿ ಸಲ್ಲಬೇಕು.

ಇದನ್ನು ಓದಿ ಶಸ್ತ್ರಚಿಕಿತ್ಸೆಗೆ ಯಾರೂ ಅಂಜಬೇಕಾಗಿಲ್ಲ. ಆದರೆ ನಿಮ್ಮ ಮಗಳೋ ಸೊಸೆಯೋ ಆಸ್ಪತ್ರೆಯಲ್ಲಿ ದಾದಿಯಾಗಿದ್ದರೆ, ಅನಿಲವನ್ನು ಹೊರಸಾಗಿಸುವ ಕೊಳವೆ ಅಲ್ಲಿದೆಯೇ ಎಂದು ಒಮ್ಮೆ ವಿಚಾರಿಸಿ. ಬಸಿರಾಗುವ ಯೋಚನೆಯಿದ್ದರೆ ಮೇಲಧಿಕಾರಿಗಳಿಗೆ ಮುಂಚಿತವಾಗಿ ತಿಳಿಸುವಂತೆ ಹೇಳಿ. ನೀವು ಆಸ್ಪತ್ರೆಯ ಸಮಿತಿಯಲ್ಲಿದ್ದರೆ, ಹೊಸ ಕಟ್ಟಡದ ಶಿಲಾಫಲಕಕ್ಕಿಂತ ಮೊದಲು ಆ ಕೊಳವೆಗೆ ಹಣ ಮಂಜೂರು ಮಾಡಿ. ದೀಪದ ಬುಡದಲ್ಲಿ ಕತ್ತಲೆಯೆನ್ನುತ್ತಾರೆ. ಪರರ ಆರೋಗ್ಯ ಕಾಯುವವರ ವಿಷಯದಲ್ಲಿ ಆ ಗಾದೆ ನಿಜವಾಗದಿರಲಿ.