ಲಾಂಛನದ ಹಕ್ಕಿ, ಹುಲ್ಲುಗಾವಲಿನ ಹಕ್ಕಿ

(ನಗರದ ಹವ್ಯಾಸಿ ಪಕ್ಷಿವೀಕ್ಷಕರ ಬಳಗವೊಂದರ ಮಾಸಿಕ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಮೊದಲಿಗೇ ಒಂದು ತಪ್ಪೊಪ್ಪಿಗೆ. ಇವತ್ತು ನಾನು ಮಾತನಾಡಲು ಹೊರಟಿರುವ ಹಕ್ಕಿಯನ್ನು ಅದರ ನೆಲದಲ್ಲಿ ಕಂಡವರ ಪೈಕಿ ನಾನಿಲ್ಲ. ಆಫ್ರಿಕಾಕ್ಕೆ ಹೋಗಿಬರುವಷ್ಟು ಸಂಬಳ ವರದಿಗಾರರಿಗೆ ಇನ್ನೂ ಬಂದಿಲ್ಲ! ನನಗೆ ಅದರ ಪರಿಚಯವಾದದ್ದು ಸೋದರಮಾವನ ಅಂಚೆಚೀಟಿ ಆಲ್ಬಮ್ಮಿನಲ್ಲಿ. ಅಷ್ಟು ಪುಟ್ಟ ಚೌಕದೊಳಗೆ ಕೊಕ್ಕರೆಯ ಕಾಲು, ಹದ್ದಿನ ಮುಖ, ತಲೆಯ ಹಿಂದೆ ಕೆದರಿ ನಿಂತ ಕಪ್ಪು ಗರಿಗಳು, ಕಾಲಡಿಯಲ್ಲಿ ಒಂದು ಹಾವು. ಯಾರೋ ಚಿತ್ರಕಾರ ಎರಡು ಹಕ್ಕಿಗಳನ್ನು ಸೇರಿಸಿ ಬರೆದಿರಬೇಕು ಎಂದುಕೊಂಡಿದ್ದೆ. ಅಂಥ ಹಕ್ಕಿ ನಿಜವಾಗಿಯೂ ಇದೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅದರ ಹೆಸರು ಸೆಕ್ರೆಟರಿ ಹಕ್ಕಿ.

ಸಹಾರಾ ಮರುಭೂಮಿಯ ದಕ್ಷಿಣಕ್ಕೆ, ಸುಡಾನ್, ಕೀನ್ಯಾ, ತಾಂಜಾನಿಯಾಗಳಿಂದ ದಕ್ಷಿಣ ಆಫ್ರಿಕಾದವರೆಗೆ ಹರಡಿರುವ ಹುಲ್ಲುಗಾವಲುಗಳು ಇದರ ಮನೆ. ನಿಂತರೆ ಸುಮಾರು ನಾಲ್ಕಡಿ ಎತ್ತರ. ತೂಕ ಮಾತ್ರ ನಾಲ್ಕು ಕೆ.ಜಿ. ಆಸುಪಾಸು, ಬಹುಪಾಲು ಎತ್ತರ ಕಾಲಿನದೇ. ಬೂದು ಮೈ, ಕಿತ್ತಳೆಗೆಂಪು ಮುಖ, ಮೊಣಕಾಲಿನವರೆಗೆ ಕಪ್ಪು ಚಡ್ಡಿ ತೊಟ್ಟಂತೆ ಗರಿಗಳು. ಹದ್ದು, ಗಿಡುಗಗಳ ದೂರದ ನೆಂಟನಾದರೂ ಇದರ ಕುಟುಂಬದಲ್ಲಿ ಇಂದು ಬದುಕಿರುವುದು ಇದೊಂದೇ ಜಾತಿ.

ಬೇಟೆಹಕ್ಕಿ ಎಂದರೆ ಆಕಾಶದಿಂದ ಎರಗುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಇದು ಹಾಗಲ್ಲ. ಹಾರಬಲ್ಲದು, ಚೆನ್ನಾಗಿಯೇ ಹಾರಬಲ್ಲದು. ಆದರೆ ಹೊಟ್ಟೆಪಾಡಿಗೆ ನಡೆಯುತ್ತದೆ. ಬೆಳಿಗ್ಗೆ ಗೂಡಿನಿಂದ ಇಳಿದು ಹೊರಟರೆ ದಿನಕ್ಕೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ನಡೆಯುವುದುಂಟು. ಗಂಡು ಹೆಣ್ಣು ಒಂದಕ್ಕೊಂದು ಕೂಗಳತೆಯಲ್ಲಿ, ಸಂಜೆಯ ವಾಯುಸೇವನೆಗೆ ಹೊರಟ ದಂಪತಿಗಳಂತೆ ಸಾಗುತ್ತವೆ. ಹುಲ್ಲಿನ ಗುಡ್ಡೆ ಕಂಡಲ್ಲಿ ಕಾಲಿನಿಂದ ದಬದಬನೆ ತುಳಿಯುತ್ತವೆ, ಒಳಗಿದ್ದುದು ಗಾಬರಿಯಾಗಿ ಹೊರಗೆ ಬರಲಿ ಎಂದು. ಹುಲ್ಲಿಗೆ ಬೆಂಕಿ ಬಿದ್ದ ಜಾಗಕ್ಕೆ ಹುಡುಕಿಕೊಂಡು ಬರುತ್ತವೆ. ಓಡಲಾಗದೆ ಸಿಕ್ಕಿಬಿದ್ದ ಹುಳುಹುಪ್ಪಟೆ, ಇಲಿ ಅಲ್ಲಿ ಧಾರಾಳ.

ಇನ್ನು ಹಾವಿನ ವಿಷಯ. ಹಾವನ್ನು ಅದು ತಿನ್ನುವುದು ನಿಜ, ವಿಷದ ಹಾವನ್ನೂ ಬಿಡುವುದಿಲ್ಲ. ಆದರೆ ದಿನನಿತ್ಯದ ಊಟ ಮಿಡತೆ, ಜೀರುಂಡೆ, ಇಲಿ, ಹಲ್ಲಿ. ಹಾವು ಹಬ್ಬದ ಅಡುಗೆ ಎನ್ನಬಹುದು. ಅಂಚೆಚೀಟಿಯ ಮೇಲೆ ಮಿಡತೆ ತಿನ್ನುವ ಚಿತ್ರ ಹಾಕಿದರೆ ಯಾರು ಕೊಳ್ಳುತ್ತಾರೆ ಹೇಳಿ?

ಹಾಗೆಂದು ಆ ಕಾಲಿನ ಖ್ಯಾತಿ ಸುಳ್ಳಲ್ಲ. ಇಂಗ್ಲೆಂಡಿನ ಹ್ಯಾಂಪ್‌ಶೈರಿನಲ್ಲಿ ಬೇಟೆಹಕ್ಕಿಗಳ ಕೇಂದ್ರವೊಂದಿದೆ. ಅಲ್ಲಿ ಮ್ಯಾಡೆಲೀನ್ ಎಂಬ ಹೆಣ್ಣು ಹೆಸರಿನ ಗಂಡು ಹಕ್ಕಿಯೊಂದಿತ್ತು. ಅದಕ್ಕೆ ರಬ್ಬರ್ ಹಾವನ್ನು ಒದೆಯುವ ಅಭ್ಯಾಸ ಮಾಡಿಸಿದ್ದರು. ಪ್ರಾಣಿಗಳ ಚಲನೆಯನ್ನು ಅಭ್ಯಸಿಸುವ ಸ್ಟೀವ್ ಪೋರ್ಚುಗಲ್ ಮತ್ತು ಸಂಗಡಿಗರು ನೆಲದಲ್ಲಿ ಬಲ ಅಳೆಯುವ ಹಲಗೆಯೊಂದನ್ನು ಹೂತು, ಅದರ ಮೇಲೆ ಆ ಹಾವನ್ನು ಎಳೆದು, ಒದೆಯನ್ನು ಅಳೆದರು. 2016ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಒದೆಯ ಬಲ ಹಕ್ಕಿಯ ಸ್ವಂತ ತೂಕದ ಐದು ಪಟ್ಟು, ಕಾಲು ಹಾವನ್ನು ತಾಗಿರುವ ಹೊತ್ತು ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಹದಿನೈದು ಮಾತ್ರ. ನಾವು ಒಮ್ಮೆ ರೆಪ್ಪೆ ಬಡಿಯುವುದರೊಳಗೆ ಹತ್ತು ಒದೆ ಮುಗಿದಿರಬೇಕು! ಕಾಲು ತಾಗಿದ ಸುದ್ದಿ ಮೆದುಳಿಗೆ ತಲುಪಿ, ಗುರಿ ತಪ್ಪಿದ್ದರೆ ತಿದ್ದಿಕೊಳ್ಳಲು ಅಷ್ಟು ಹೊತ್ತು ಸಾಲದು. ಆದ್ದರಿಂದ ಕಣ್ಣಳತೆಯಲ್ಲೇ ಎಲ್ಲವನ್ನೂ ಮೊದಲೇ ನಿಶ್ಚಯಿಸಿ ಒದೆಯುತ್ತದೆ. ಎದುರಿಗಿರುವುದು ನಾಗರಹಾವಾದರೆ ತಪ್ಪಿದ ಒದೆಗೆ ಎರಡನೆಯ ಅವಕಾಶ ಸಿಗುವುದು ಕಷ್ಟ.

ಹೆಸರಿನ ಕಥೆ ಇನ್ನೂ ಸ್ವಾರಸ್ಯ. ಹಿಂದೆ ಯುರೋಪಿನ ಗುಮಾಸ್ತರು ಗರಿಯ ಲೇಖನಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು, ಹಕ್ಕಿಯ ತಲೆಗರಿ ಹಾಗೇ ಕಾಣುವುದರಿಂದ ಸೆಕ್ರೆಟರಿ ಎಂಬ ಹೆಸರು ಬಂತು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಕಿವಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡ ಬಡಗಿಯನ್ನು ನೋಡಿ ಬಲ್ಲ ನಮಗೂ ಇದು ಒಪ್ಪುವಂಥ ಮಾತೇ. ಆದರೆ ಹಳೆಯ ಕಾಗದಪತ್ರ ಬೇರೆ ಕಥೆ ಹೇಳುತ್ತದೆ. ಕೇಪ್ ಪ್ರಾಂತದಿಂದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೊಬ್ಬ ಹಾಲೆಂಡಿಗೆ ಜೀವಂತ ಹಕ್ಕಿಯೊಂದನ್ನು ಕಳಿಸಿಕೊಟ್ಟ. ಅದನ್ನು 1769ರಲ್ಲಿ ವರ್ಣಿಸಿದವನು ಆರ್ನೌಟ್ ವೋಸ್ಮಾರ್. ಅವನ ಪ್ರಕಾರ ವಸಾಹತಿನ ಜನ ಇದನ್ನು ‘ಸಜಿಟೇರಿಯಸ್’ ಎನ್ನುತ್ತಿದ್ದರು, ಅಂದರೆ ಬಿಲ್ಲುಗಾರ. ನಡಿಗೆ ಬಿಲ್ಲುಗಾರನದಂತೆ ಇದೆ ಎಂದು. ಮನೆಯ ಸುತ್ತಲಿನ ಕ್ರಿಮಿಕೀಟ ಹಿಡಿಯಲೆಂದು ಇದನ್ನು ಸಾಕಿಕೊಂಡಿದ್ದ ರೈತರ ಬಾಯಲ್ಲಿ ಅದು ‘ಸೆಕ್ರೆಟೇರಿಯಸ್’ ಆಗಿರಬಹುದು ಎಂದು ಅವನ ಊಹೆ. ಊಹೆ ಸರಿಯಾದರೆ ಲೇಖನಿಯ ಕಥೆ ಹೆಸರಿಗೆ ಆಮೇಲೆ ಅಂಟಿಕೊಂಡದ್ದು. ಅರಬ್ಬಿ ಭಾಷೆಯಲ್ಲಿ ಬೇಟೆಹಕ್ಕಿಗೆ ಇರುವ ಮಾತೇ ಹೀಗಾಗಿದೆ ಎಂಬ ವಾದವೂ ಒಂದಿದೆ, ನನಗೇನೋ ಅದು ಎಳೆದು ತಂದಂತೆ ತೋರುತ್ತದೆ. ಅಂತೂ ವಿಜ್ಞಾನದ ಹೆಸರಿನಲ್ಲಿ ಬಿಲ್ಲುಗಾರ, ಸರ್ಪ ಎರಡೂ ಉಳಿದಿವೆ: ಸಜಿಟೇರಿಯಸ್ ಸರ್ಪೆಂಟೇರಿಯಸ್.

ಕಲೆಗೆ ಬರೋಣ. ಈಜಿಪ್ಟಿನ ಅಬು ಜೈದಾನ್ ಎಂಬಲ್ಲಿ ದಂತದ ಹಿಡಿಯುಳ್ಳ ಚಾಕು ಸಿಕ್ಕಿದೆ. ಕ್ರಿ.ಪೂ. 3200ರ ಸುಮಾರಿನದು, ಪಿರಮಿಡ್ಡುಗಳಿಗಿಂತ ಹಳೆಯದು. ಈಗ ನ್ಯೂಯಾರ್ಕಿನ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿದೆ. ಅಂಗೈಯಲ್ಲಿ ಹಿಡಿಯಬಹುದಾದ ಆ ಹಿಡಿಯ ತುಂಬ ಪ್ರಾಣಿಗಳ ಸಾಲುಸಾಲು ಕೆತ್ತನೆ. ಅವುಗಳ ನಡುವೆ ನಮ್ಮ ಹಕ್ಕಿಯೂ ಇದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇಂದು ಈಜಿಪ್ಟಿನಲ್ಲಿ ಈ ಹಕ್ಕಿಯಿಲ್ಲ. ಅಂದು ನೈಲ್ ನದಿಯ ಗುಂಟ ಅಷ್ಟು ಉತ್ತರದವರೆಗೂ ಅದು ಇದ್ದಿರಬೇಕು ಎನ್ನಲು ಇಂಥ ಕೆತ್ತನೆಗಳೇ ಆಧಾರ. ಕಲೆಗಾರನ ಕೈಯಲ್ಲಿ ಉಳಿದು ನೆಲದಲ್ಲಿ ಅಳಿದುದಕ್ಕೆ ಇದು ಮೊದಲ ಉದಾಹರಣೆ.

ನಮ್ಮ ಕಾಲದಲ್ಲಿ ಇದು ಎರಡು ದೇಶಗಳ ಲಾಂಛನವಾಗಿದೆ. ದಕ್ಷಿಣ ಆಫ್ರಿಕಾ 2000ದ ಏಪ್ರಿಲ್ 27ರಂದು ತನ್ನ ಹೊಸ ಲಾಂಛನವನ್ನು ಬಿಡುಗಡೆ ಮಾಡಿತು. ರಚಿಸಿದವರು ಇಯಾನ್ ಬೆಕ್ಕರ್. ರೆಕ್ಕೆ ಎತ್ತಿದ ಹಕ್ಕಿ, ಅದರ ಎದೆಯಲ್ಲಿ ಪ್ರೋಟಿಯಾ ಹೂ, ತಲೆಯ ಮೇಲೆ ಉದಯಸೂರ್ಯ. ನನಗೆ ಬಹಳ ಹಿಡಿಸಿದ್ದು ಕಾಲುಗಳು: ಒಂದರ ಜಾಗದಲ್ಲಿ ಭರ್ಜಿ, ಇನ್ನೊಂದರ ಜಾಗದಲ್ಲಿ ಗುಂಡುತಲೆಯ ದೊಣ್ಣೆ. ಹಾವನ್ನು ಕೊಲ್ಲುವ ಕಾಲು ನಾಡಿನ ಶತ್ರುಗಳನ್ನೂ ತಡೆಯುತ್ತದೆ ಎಂಬುದು ಸರ್ಕಾರ ಕೊಟ್ಟ ಅರ್ಥ. ಅಡಿಯಲ್ಲಿರುವ ಧ್ಯೇಯವಾಕ್ಯ ಖಾಮ್ ಭಾಷೆಯದು. ಆ ಭಾಷೆ ಆಡುವವರು ಯಾರೂ ಉಳಿದಿಲ್ಲ.

ಇನ್ನೊಂದು ದೇಶ ಸುಡಾನ್. ಅದರ ಲಾಂಛನದಲ್ಲಿ ಹಕ್ಕಿ ಎದೆಯ ಮೇಲೆ ಗುರಾಣಿ ಹೊತ್ತಿದೆ, ಥಟ್ಟನೆ ನೋಡಿದವರಿಗೆ ಇನ್ನೊಂದು ಹದ್ದು ಎನಿಸಬೇಕು. ಈ ಹಕ್ಕಿಗಿಂತ ಮೊದಲು, 1956ರಲ್ಲಿ ಸ್ವಾತಂತ್ರ್ಯ ಬಂದಾಗ, ಅಲ್ಲಿದ್ದದ್ದು ಖಡ್ಗಮೃಗ. 1970ರ ಹೊತ್ತಿಗೆ ಅದನ್ನು ತೆಗೆದು ಹಕ್ಕಿಯನ್ನು ಕೂರಿಸಿದರು. ಆ ಬಳಿಕ 1975ರಲ್ಲಿ ಅಂದಿನ ಸುಡಾನಿನ ದಕ್ಷಿಣ ಭಾಗದಲ್ಲಿ ಉತ್ತರದ ಬಿಳಿ ಖಡ್ಗಮೃಗದ ಮರಿಯೊಂದನ್ನು ಹಿಡಿದು ಝೆಕೊಸ್ಲೊವಾಕಿಯಾದ ಮೃಗಾಲಯಕ್ಕೆ ಒಯ್ದರು. ಅದರ ಹೆಸರೂ ಸುಡಾನ್. 2018ರ ಮಾರ್ಚಿನಲ್ಲಿ ಕೀನ್ಯಾದಲ್ಲಿ ಅದು ಸತ್ತಾಗ ಆ ಬಗೆಯ ಗಂಡು ಜಗತ್ತಿನಲ್ಲಿ ಇನ್ನೊಂದಿರಲಿಲ್ಲ. ಉಳಿದದ್ದು ಎರಡೇ ಹೆಣ್ಣು, ಅದರ ಮಗಳು ಮತ್ತು ಮೊಮ್ಮಗಳು.

ಹಕ್ಕಿಯ ಸ್ಥಿತಿ ಇನ್ನೂ ಅಲ್ಲಿಗೆ ಬಂದಿಲ್ಲ. ಆದರೆ ದಾರಿ ಅದೇ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2011ರಲ್ಲಿ ಇದನ್ನು ಅಪಾಯಕ್ಕೀಡಾಗಬಲ್ಲ ಜೀವಿಗಳ ಪಟ್ಟಿಗೆ ಸೇರಿಸಿತ್ತು, 2020ರಲ್ಲಿ ಅಳಿವಿನಂಚಿನ ಪಟ್ಟಿಗೆ ಇಳಿಸಿತು. ಬಂದೂಕು ಹಿಡಿದ ಶತ್ರು ಯಾರೂ ಇಲ್ಲ. ಹುಲ್ಲುಗಾವಲು ಹೊಲವಾಗುತ್ತದೆ. ಉಳಿದದ್ದನ್ನು ದನಕರು ಬೋಳಾಗುವಷ್ಟು ಮೇಯುತ್ತವೆ. ಕೆಲವೆಡೆ ಕುರುಚಲು ಪೊದೆ ಬೆಳೆದು ಮುಚ್ಚಿಕೊಳ್ಳುತ್ತದೆ. ಮೊಣಕಾಲೆತ್ತರಕ್ಕಿಂತ ಹೆಚ್ಚು ಬೆಳೆದ ಹುಲ್ಲಿನಲ್ಲೇ ಬೇಟೆಯಾಡಲು ಒಲ್ಲದ ಹಕ್ಕಿಗೆ ಪೊದೆಯಲ್ಲಿ ಏನು ಕೆಲಸ? ಗೂಡು ಕಟ್ಟುವುದು ಮಾತ್ರ ಕೊಡೆಯಂತೆ ಚಪ್ಪಟೆ ತಲೆಯ ಜಾಲಿ ಮರದ ತುದಿಯಲ್ಲಿ, ಒಂದೇ ಗೂಡು ವರ್ಷಗಟ್ಟಲೆ. ಇಡುವುದು ಒಂದರಿಂದ ಮೂರು ಮೊಟ್ಟೆ, ಕಾವು ಸುಮಾರು ಒಂದೂವರೆ ತಿಂಗಳು. ಇದರ ಮೇಲೆ ತಂತಿಬೇಲಿ, ವಿದ್ಯುತ್ ತಂತಿ. ಹಾವಿನ ತಲೆಗೆ ಗುರಿಯಿಟ್ಟು ತಪ್ಪದ ಕಣ್ಣಿಗೆ ತಂತಿ ಕಾಣುವುದಿಲ್ಲ.

ನಮ್ಮ ಕರ್ನಾಟಕದ ಲಾಂಛನದಲ್ಲೂ ಹಕ್ಕಿಯಿದೆ, ಗಂಡಭೇರುಂಡ. ಎರಡು ತಲೆಯ ಅದು ಎಲ್ಲೂ ಹುಟ್ಟಿದ್ದಲ್ಲ, ಆದ್ದರಿಂದ ಅಳಿಯುವ ಭಯವೂ ಇಲ್ಲ. ಅದಕ್ಕೆ ಹುಲ್ಲು ಬೇಡ, ಮಿಡತೆ ಬೇಡ. ಜೀವಂತ ಹಕ್ಕಿಯನ್ನು ಲಾಂಛನಕ್ಕೆ ಆರಿಸಿಕೊಂಡವರ ಪಾಡು ಅಷ್ಟು ಸುಲಭದ್ದಲ್ಲ.

ಹೇಳಲಿದ್ದದ್ದು ಇಷ್ಟೇ. ಈಗ ಯಾರಾದರೂ ಆ ಬಾಗಿಲ ಹತ್ತಿರದ ದೀಪ ಆರಿಸಿದರೆ, ಒದೆಯ ಚಲನಚಿತ್ರ ತೋರಿಸುತ್ತೇನೆ. ಮೊದಲು ನಿಜವಾದ ವೇಗದಲ್ಲಿ, ಏನೂ ಕಾಣುವುದಿಲ್ಲ. ಆಮೇಲೆ ನಿಧಾನಗತಿಯಲ್ಲಿ. ಮುಂದಿನ ಸಾಲಿನ ಮಕ್ಕಳು ಹೆದರಬೇಡಿ, ಹಾವು ರಬ್ಬರಿನದು.