ಗುದ್ದಲಿಯ ಕಾವು

(ಅಟ್ಟೂರಿನ ಭಕ್ತರ ಸಭೆಯಲ್ಲಿ ನೀಡಿದ ಆಶೀರ್ವಚನ)



ಯಲಹಂಕದ ಪಕ್ಕದ ಈ ಅಟ್ಟೂರು ಹಿಂದೆ ಹೊಲ-ತೋಟಗಳ ಹಳ್ಳಿ. ಈಗ ಬಡಾವಣೆಗಳು ಎದ್ದಿವೆ. ಆದರೂ ಕೆರೆ ಉಳಿದಿದೆ. ಮನೆಯ ಮುಂದೆ ನಾಲ್ಕು ಹೂವಿನ ಗಿಡ, ಹಿತ್ತಲಲ್ಲಿ ಒಂದು ತೆಂಗು ಉಳಿದಿದೆ. ಆದ್ದರಿಂದ ಗುದ್ದಲಿಯೂ ಉಳಿದಿದೆ. ಅದರ ಕಾವು ಮುರಿದ ದಿನ ನಾವು ಏನು ಮಾಡುತ್ತೇವೆ? ಗುದ್ದಲಿಯನ್ನೇ ಮೂಲೆಗೆ ಎಸೆಯುತ್ತೇವೆ. ಇಲ್ಲವೆ ಸಿಕ್ಕಿದ ಕೋಲೊಂದನ್ನು ತುರುಕಿ, ಎರಡು ಮೊಳೆ ಹೊಡೆದು, ಕೂಲಿಗೆ ಬಂದವನ ಕೈಗೆ ಕೊಡುತ್ತೇವೆ. ಇದು ಸಣ್ಣ ಮಾತಲ್ಲ.

ಕಾವು ಮಾಡುವ ಕ್ರಮವನ್ನು ಕೇಳಿ. ಮರ ಗಟ್ಟಿಯಾಗಿರಬೇಕು, ಪೆಟ್ಟು ತಾಳುವ ಗುಣವೂ ಇರಬೇಕು. ಬಯಲುಸೀಮೆಯ ಜಾಲಿ, ಕಾಡಿನ ದಿಂಡಿಗ, ತಡಸಲು ಇದಕ್ಕೆ ಹೆಸರಾದವು. ಮರದ ಎಳೆ ಉದ್ದಕ್ಕೂ ನೇರವಾಗಿ ಓಡಬೇಕು. ಗಂಟಿದ್ದ ಕಡೆ ಕಾವು ಮುರಿಯುತ್ತದೆ. ಹಸಿಮರವನ್ನು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೀಳುತ್ತದೆ, ಹಸಿಯಾಗಿಯೇ ಹಾಕಿದರೆ ಆಮೇಲೆ ಕುಗ್ಗಿ ಸಡಿಲವಾಗುತ್ತದೆ. ಬಾಚಿಯಿಂದ ಕೆತ್ತುವಾಗ ತಲೆಯ ಕಡೆ ತುಸು ದಪ್ಪ ಬಿಡಬೇಕು. ಕಾವನ್ನು ಗುದ್ದಲಿಯ ಕಣ್ಣಿನಲ್ಲಿ ಮೇಲಿನಿಂದ ಇಳಿಸಿದರೆ ಆ ದಪ್ಪ ತುದಿ ಕಚ್ಚಿಕೊಳ್ಳುತ್ತದೆ, ಬೀಸಿದಷ್ಟೂ ಬಿಗಿಯಾಗುತ್ತದೆ. ಕೊನೆಗೆ ಗಾಜಿನ ಚೂರಿನಿಂದ ಹೆರೆದು, ನುಣುಪು ಮಾಡಿ, ಎಣ್ಣೆ ಸವರಬೇಕು.

ಕೆಲವರು ಸಡಿಲ ಕಾವನ್ನು ನೀರಿನಲ್ಲಿ ನೆನೆಸುತ್ತಾರೆ. ಆ ಹೊತ್ತಿಗೆ ಮರ ಉಬ್ಬಿ ಬಿಗಿಯಾಗುತ್ತದೆ. ಉಬ್ಬಿದ ಮರ ಕಬ್ಬಿಣಕ್ಕೆ ಒತ್ತಿ ನಲುಗಿರುತ್ತದೆ. ಒಣಗಿದ ಮೇಲೆ ಮೊದಲಿಗಿಂತಲೂ ಸಡಿಲ. ನಾಲ್ಕು ಜನರೆದುರು ಉಬ್ಬುವ ಭಕ್ತಿಯೂ ಹೀಗೆಯೇ.

12ನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನವರು ಬಡಗಿಗಳು. ಅವರ ಪುಣ್ಯಸ್ತ್ರೀ ಕಾಳವ್ವೆಯವರೂ ವಚನ ಬರೆದವರು. ಕೈಯಲ್ಲಿದ್ದ ಬಾಚಿಯೇ ಅವರ ಹೆಸರಿನ ಮುಂದೆ ನಿಂತಿತು. ಕಾಯಕಕ್ಕೆ ಅಷ್ಟು ಗೌರವವಿದ್ದ ಮೇಲೆ ಕಾಯಕ ಮಾಡುವವನ ಮೈಗೆ ಎಷ್ಟು ಗೌರವವಿರಬೇಕು? ಸಡಿಲ ಗುದ್ದಲಿ ಕಳಚಿದರೆ ಗಾಯವಾಗುವುದು ಕೊಟ್ಟವನಿಗಲ್ಲ. ಬೀಸುವವನಿಗೆ, ಪಕ್ಕದಲ್ಲಿ ಮಣ್ಣು ಹೊರುವ ಹೆಣ್ಣುಮಗಳಿಗೆ. ಕೂಲಿ ಎಣಿಸಿಕೊಟ್ಟ ಮಾತ್ರಕ್ಕೆ ನಮ್ಮ ಋಣ ತೀರಲಿಲ್ಲ. ಭದ್ರವಾದ ಗುದ್ದಲಿ ಕೊಡುವುದೂ ದಾಸೋಹವೇ.

ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂದು ಗಾದೆ. ಮರದಿಂದ ಬಂದ ಕಾವು ಮರವನ್ನೇ ಕಡಿಯುತ್ತದೆ. ಅದೇ ಮರ ಗುದ್ದಲಿಗೆ ಕಾವಾದರೆ ಸಸಿಗೆ ಗುಣಿ ತೋಡುತ್ತದೆ. ಮರ ಒಂದೇ; ಹಿಡಿದವರ ಬುದ್ಧಿ ಬೇರೆ. ಮನೆಗೆ ಹೋದವರೇ ನಿಮ್ಮ ಗುದ್ದಲಿಯ ಕಾವನ್ನು ಒಮ್ಮೆ ಅಲುಗಿಸಿ ನೋಡಿರಿ. ಸಡಿಲವಿದ್ದರೆ ಇನ್ನೊಬ್ಬರ ಕೈಗೆ ಕೊಡಬೇಡಿರಿ.