ಕೀಬೋರ್ಡ್ ಟೋನ್ ಕಂಪ್ಯೂಟರ್‌ಗೆ: ಮೊದಲು ತಗೋರಿ, ಆಮೇಲೆ ಕೊಡ್ರಿ



ಜಾತ್ರೆ, ಮದುವೆ ಸೀಜನ್ ಬಂತಂದ್ರ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ರಸಮಂಜರಿ ಕಾರ್ಯಕ್ರಮಗಳ ಸಾಲು ಶುರು. ವಾಡಿ, ಶಹಾಬಾದ್‌ನಾಗ ಒಂದು ರಾತ್ರಿ, ಮರುದಿನ ಇನ್ನೊಂದು ಊರು. ಭಜನಿ ಮೇಳದಾಗ ಪೇಟಿ ಬಾರಿಸೋರ ಮನೆಯ ಹುಡುಗರು ಈಗ ಕೀಬೋರ್ಡ್ ಮುಂದೆ ನಿಂತಾರ. ಕೋಡ್ಲಾದಂಥ ಊರಿನಲ್ಲಿ ಕೂತು ಸಿಂಥೆಸೈಜರ್ ಬಾರಿಸೋರಿಗೆ ಇವತ್ತಿನ ಮಾತು.

ವಿಷಯ ಏನಂದ್ರ, ಸಿಂಥೆಸೈಜರ್‌ನ ಎಡಿಟರ್ ಸಾಫ್ಟ್‌ವೇರ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಳ್ಳೋದು ಹೆಂಗ, ಸೆಟ್ ಮಾಡೋದು ಹೆಂಗ. ಕೇಳೋಕೆ ಬರೀ ಟೆಕ್ನಿಕಲ್ ಅನ್ನಿಸಬಹುದು. ಆದರೆ ನೀವು ತಿಂಗಳುಗಟ್ಟಲೆ ಕೂತು ಮಾಡಿದ ಶಹನಾಯಿ ಟೋನ್, ಕೊಳಲು ಟೋನ್, ಪ್ಯಾಡಿನ ಡೋಲಕ್ ಎಲ್ಲಾ ಆ ಒಂದು ಪೆಟ್ಟಿಗೆಯೊಳಗೇ ಇದಾವ. ಸರ್ವಿಸ್‌ಗೆ ಕೊಟ್ಟಾಗ ಬೋರ್ಡ್ ಬದಲಾದರೆ, ಯಾರೋ ಫ್ಯಾಕ್ಟರಿ ರಿಸೆಟ್ ಒತ್ತಿದರೆ, ಎಲ್ಲಾ ಹೋಯ್ತು. ಕೀಬೋರ್ಡ್ ಮತ್ತೆ ಕೊಳ್ಳಬಹುದು. ಆ ಟೋನ್ ಯಾವ ಅಂಗಡಿಯಲ್ಲೂ ಸಿಗೋದಿಲ್ಲ.

ಎಡಿಟರ್ ಅಂದ್ರ ಏನು?

ಜರಾ ಹಿಂದಕ್ಕ ಹೋಗೋಣ. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಅನ್ನೋ ಕಲಾವಿದರು ಹತ್ತು ರಾಗಗಳನ್ನು ಡಿಸ್ಕೊ ಬೀಟಿಗೆ ಕೂಡಿಸಿ ಒಂದು ರೆಕಾರ್ಡ್ ಮಾಡಿದ್ರು. ಅದರಾಗ ಬಳಸಿದ ಒಂದು ವಾದ್ಯ ರೋಲ್ಯಾಂಡ್ ಜುಪಿಟರ್ 8. ಆ ಸಿಂಥ್‌ನಲ್ಲಿ 64 ಟೋನ್ ಉಳಿಸಿಕೊಳ್ಳೋಕೆ ಜಾಗ ಇತ್ತು. ಅದಕ್ಕಿಂತ ಹೆಚ್ಚು ಬೇಕಾದರೆ? ಸಾದಾ ಕ್ಯಾಸೆಟ್ ಟೇಪಿಗೆ ಟೋನ್ ಡೇಟಾ ತುಂಬಿಸಿ ಇಡುವ ವ್ಯವಸ್ಥೆ ಅದರಲ್ಲೇ ಇತ್ತು. ಅಂದರೆ ಟೋನನ್ನು ವಾದ್ಯದಿಂದ ಹೊರಗೆ ತೆಗೆದಿಡೋದು ಹೊಸ ಮಾತಲ್ಲ.

1983ರಲ್ಲಿ ಎರಡು ಸಂಗತಿ ಆದವು. ಒಂದು, ಮಿಡಿ ಬಂತು. ಬೇರೆ ಬೇರೆ ಕಂಪನಿಯ ವಾದ್ಯಗಳು ಒಂದಕ್ಕೊಂದು ಮಾತಾಡುವ ಭಾಷೆ ಅದು. ಎರಡು, ಯಮಾಹಾ ಡಿಎಕ್ಸ್7 ಬಂತು. ಅದರಲ್ಲಿ ಒಂದು ಟೋನಿಗೆ 140ಕ್ಕೂ ಹೆಚ್ಚು ಸೆಟ್ಟಿಂಗ್. ನೋಡೋಕೆ ಇದ್ದದ್ದು ಎರಡು ಸಾಲಿನ ಸಣ್ಣ ಸ್ಕ್ರೀನ್. ಕಿಟಕಿಯ ಸಂದಿಯಿಂದ ಮನೆಯ ಸಾಮಾನೆಲ್ಲಾ ಎಣಿಸಿದಂಗ! ಅದಕ್ಕೇ ಸೆಟ್ಟಿಂಗ್ ಎಲ್ಲವನ್ನೂ ಕಂಪ್ಯೂಟರ್ ಪರದೆಯ ಮೇಲೆ ಒಟ್ಟಿಗೆ ತೋರಿಸುವ ಎಡಿಟರ್‌ಗಳು ಬೇಕಾದವು. ಡಿಎಕ್ಸ್7ನ ಟೋನ್ ಉಳಿಯುತ್ತಿದ್ದದ್ದು ಒಳಗಿನ ಒಂದು ಬ್ಯಾಟರಿಯ ಮೇಲೆ. ಬ್ಯಾಟರಿ ಸತ್ತರೆ ಟೋನೂ ಸತ್ತಂಗೆ.

ಎಡಿಟರ್ ಮತ್ತು ಕೀಬೋರ್ಡ್ ನಡುವೆ ಓಡಾಡುವ ಸಂದೇಶದ ಹೆಸರು ಸಿಸ್ಟಮ್ ಎಕ್ಸ್‌ಕ್ಲೂಸಿವ್. ಚಿಕ್ಕದಾಗಿ ಸಿಸೆಕ್ಸ್ ಅಂತಾರೆ. ಪ್ರತಿ ಸಂದೇಶದ ಶುರುವಿನಲ್ಲಿ ಕಂಪನಿಯ ನಂಬರ್ ಇರುತ್ತದೆ. ಹೆಕ್ಸ್ ಲೆಕ್ಕದಲ್ಲಿ ರೋಲ್ಯಾಂಡ್‌ದು 41, ಕಾರ್ಗ್‌ದು 42, ಯಮಾಹಾದ್ದು 43. ಲಕೋಟೆ ಮೇಲಿನ ವಿಳಾಸ ಇದ್ದಂಗ. ರೋಲ್ಯಾಂಡ್‌ಗೆ ಬರೆದ ಪತ್ರವನ್ನು ಯಮಾಹಾ ಒಡೆದು ಓದೋದಿಲ್ಲ. ಅದಕ್ಕೇ ನಿಮ್ಮ ಮಾಡೆಲ್‌ಗೆ ಅಂತ ಇರೋ ಎಡಿಟರ್‌ನ್ನೇ ಹಾಕಬೇಕು.

ಹಾಕೋದಕ್ಕಿಂತ ಮೊದಲು

ಇವತ್ತು ಉದಾಹರಣೆಗೆ ರೋಲ್ಯಾಂಡ್ ಜೂನೊ ಡಿಎಸ್ ತಗೋತೀನಿ. 2015ರಲ್ಲಿ ಬಂದದ್ದು. ಇದರ ಎಡಿಟರ್ ಹೆಸರು ಜೂನೊ ಡಿಎಸ್ ಟೋನ್ ಮ್ಯಾನೇಜರ್. ವಿಂಡೋಸ್‌ಗೂ ಇದೆ, ಮ್ಯಾಕ್‌ಗೂ ಇದೆ. ಬೇರೆ ಸಿಂಥ್ ಇದ್ದವರಿಗೂ ದಾರಿ ಹೆಚ್ಚುಕಮ್ಮಿ ಇದೇ, ಗುಂಡಿಗಳ ಹೆಸರು ಬದಲಾಗಬಹುದು.

ಕೀಬೋರ್ಡ್ ಹಿಂದೆ ಬರೆದ ಮಾಡೆಲ್ ಹೆಸರು ಪೂರ್ತಿ ಓದಿಕೊಳ್ಳಿ. ಜೂನೊ ಡಿಐ, ಜೂನೊ ಡಿಎಸ್, 2024ರಲ್ಲಿ ಬಂದ ಜೂನೊ ಡಿ6, ಹೆಸರು ಅಣ್ಣತಮ್ಮಂದಿರಂಗ ಇದಾವ, ಆದರೆ ಒಂದರ ಸಾಫ್ಟ್‌ವೇರ್ ಇನ್ನೊಂದಕ್ಕೆ ನಡೆಯೋದಿಲ್ಲ.

ಆಮೇಲೆ, ಸಾಫ್ಟ್‌ವೇರ್ ಕಂಪನಿಯ ಸಪೋರ್ಟ್ ಪುಟದಿಂದಲೇ ಇಳಿಸಿ. ಟೋನ್ ಮ್ಯಾನೇಜರ್ ಫ್ರೀ ಅದ ರೀ. ಯಾರಾದರೂ ವಾಟ್ಸ್ಯಾಪ್‌ನಲ್ಲಿ ಫೈಲ್ ಕಳಿಸಿ ಐನೂರು ಹಾಕು ಅಂದರೆ, ಫೈಲೂ ಬೇಡ, ರೊಕ್ಕಾನೂ ಬೇಡ. ಆ ಫೈಲಿನ ಒಳಗೆ ಏನು ಕೂತಿರುತ್ತೋ ಗೊತ್ತಾಗೋದಿಲ್ಲ.

ಮುಂದಿನ ಕೆಲಸ ಕಂಪ್ಯೂಟರ್ ಇಲ್ಲದೇ ಆಗುವಂಥದ್ದು. ಒಂದು ಖಾಲಿ ಪೆನ್‌ಡ್ರೈವ್ ಅನ್ನು ಕೀಬೋರ್ಡಿನ ಯುಎಸ್‌ಬಿ ಮೆಮೊರಿ ಜಾಗಕ್ಕೆ ಹಾಕಿ, ಯುಟಿಲಿಟಿ ಮೆನುವಿನೊಳಗೆ ಹೋಗಿ ಬ್ಯಾಕಪ್ ತಗೋರಿ. ಖಾಲಿದೇ ಇರಲಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲಾ ಅಳಿಸಿ ಹೋಗುತ್ತೆ, ಅಕ್ಕನ ಮದುವೆ ಫೋಟೊ ಇರೋ ಪೆನ್‌ಡ್ರೈವ್ ತರಬೇಡಿ. ಇವತ್ತು ಇಷ್ಟೇ ಮಾಡಿ ಮಲಗಿದರೂ ಅರ್ಧ ಕೆಲಸ ಆದಂಗ.

ಡ್ರೈವರ್ ಮೊದಲು, ಕೇಬಲ್ ನಂತರ

ಈಗ ಲ್ಯಾಪ್‌ಟಾಪ್ ತೆಗೀರಿ. ಮೊದಲು ನಿಮ್ಮ ವಿಂಡೋಸ್‌ಗೆ ಸರಿಹೊಂದುವ ಡ್ರೈವರ್ ಹಾಕಬೇಕು. ಕೇಬಲ್ ಇನ್ನೂ ಚುಚ್ಚಬೇಡಿ. ಡ್ರೈವರ್ ಹಾಕಿ, ಲ್ಯಾಪ್‌ಟಾಪ್ ರಿಸ್ಟಾರ್ಟ್ ಮಾಡಿ.

ಕಡಿಮೆ ಬೆಲೆಯ ಹೊಸ ಲ್ಯಾಪ್‌ಟಾಪ್ ಕೆಲವು ಎಸ್ ಮೋಡ್‌ನಲ್ಲಿ ಬರ್ತಾವ. ಅದರಲ್ಲಿ ಮೈಕ್ರೊಸಾಫ್ಟ್ ಸ್ಟೋರ್‌ನಿಂದ ಬಂದ ಆ್ಯಪ್ ಬಿಟ್ಟರೆ ಬೇರೇನೂ ಇನ್‌ಸ್ಟಾಲ್ ಆಗೋದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಶನ್ ಪುಟಕ್ಕೆ ಹೋಗಿ ಎಸ್ ಮೋಡ್‌ನಿಂದ ಹೊರಗೆ ಬರಬಹುದು. ದುಡ್ಡಿಲ್ಲ, ಆದರೆ ಒಮ್ಮೆ ಹೊರಗೆ ಬಂದರೆ ವಾಪಸ್ ಹೋಗೋಕೆ ಆಗೋದಿಲ್ಲ. ಅದನ್ನು ತಿಳಿದು ಮಾಡ್ರಿ.

ಈಗ ಕೀಬೋರ್ಡ್ ಕಡೆ. ಮೆನು ಒತ್ತಿ ಸಿಸ್ಟಮ್ ಒಳಗೆ ಹೋದರೆ ಯುಎಸ್‌ಬಿ ಡ್ರೈವರ್ ಅನ್ನೋ ಸಾಲು ಸಿಗುತ್ತದೆ. ಎರಡು ಆಯ್ಕೆ: ವೆಂಡರ್, ಜೆನೆರಿಕ್. ಕಂಪನಿಯ ಡ್ರೈವರ್ ಹಾಕಿದ್ದೀವಲ್ಲ, ಹಾಗಾಗಿ ವೆಂಡರ್ ಇರಲಿ. ಬದಲಾಯಿಸಿದ ಮೇಲೆ ಸಿಸ್ಟಮ್ ಸೆಟ್ಟಿಂಗ್ ಉಳಿಸಿ, ಕೀಬೋರ್ಡ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಫ್ ಮಾಡದೇ, "ಲ್ಯಾಪ್‌ಟಾಪ್ ಹಿಡೀತಾ ಇಲ್ಲ" ಅಂತ ತಾಸುಗಟ್ಟಲೆ ತಲೆ ಕೆಡಿಸಿಕೊಳ್ಳೋರು ಬಹಳ ಮಂದಿ.

ಜೆನೆರಿಕ್ ಯಾವಾಗ ಬೇಕು? ಮೊಬೈಲ್ ಮಂದಿಗೆ! ಆಂಡ್ರಾಯ್ಡ್ 6ರಿಂದ, ಅಂದರೆ 2015ರಿಂದ, ಫೋನಿಗೇ ಮಿಡಿ ತಿಳಿಯುತ್ತೆ. ಓಟಿಜಿ ಹಾಕಿ ಕೂಡಿಸಿದರೆ ಫೋನಿನ ಪಿಯಾನೊ ಆ್ಯಪ್ ಅನ್ನು ಕೀಬೋರ್ಡ್‌ನಿಂದ ಬಾರಿಸಬಹುದು. ಆದರೆ ಜೆನೆರಿಕ್‌ನಲ್ಲಿ ಮಿಡಿ ಮಾತ್ರ ಹೋಗುತ್ತೆ, ಆಡಿಯೊ ಹೋಗೋದಿಲ್ಲ. ಟೋನ್ ಮ್ಯಾನೇಜರ್‌ಗಂತೂ ಕಂಪ್ಯೂಟರ್ ಬೇಕೇ ಬೇಕು. ಸ್ವಂತ ಲ್ಯಾಪ್‌ಟಾಪ್ ಇಲ್ಲಂದ್ರ ಗೆಳೆಯನದು ಒಂದು ಸಂಜೆಗೆ ತಂದರೂ ನಡೀತದ.

ಕೇಬಲ್ ಯಾವುದು? ಪ್ರಿಂಟರ್‌ಗೆ ಹಾಕ್ತಾರಲ್ಲ, ಒಂದು ತುದಿ ಚೌಕ ಇರೋದು, ಅದೇ. ಹಬ್ ಮೂಲಕ ಬೇಡ, ನೇರ ಲ್ಯಾಪ್‌ಟಾಪ್‌ಗೆ. ಟೋನ್ ಮ್ಯಾನೇಜರ್ ತೆರೆದು ಅದರ ಸೆಟಪ್‌ನಲ್ಲಿ ಮಿಡಿ ಇನ್‌ಪುಟ್, ಮಿಡಿ ಔಟ್‌ಪುಟ್ ಎರಡಕ್ಕೂ ಜೂನೊ ಡಿಎಸ್ ಆರಿಸಿ. ಎರಡಕ್ಕೂ ಅಂದೆ, ನೆನಪಿರಲಿ. ಒಂದೇ ಕಡೆ ಹಾಕಿದರೆ ಒಬ್ಬರು ಮಾತಾಡೋದು, ಇನ್ನೊಬ್ಬರಿಗೆ ಕೇಳಿಸದೇ ಇರೋದು ಆಗುತ್ತೆ. ಕೀಬೋರ್ಡಿನ ಟೋನ್ ಹೆಸರು ಪರದೆ ಮೇಲೆ ಬಂದರೆ ಇನ್‌ಪುಟ್ ಸರಿ. ಪರದೆಯಲ್ಲಿ ಏನಾದರೂ ಬದಲಾಯಿಸಿದಾಗ ಕೀಬೋರ್ಡಿನ ಶಬ್ದ ಬದಲಾದರೆ ಔಟ್‌ಪುಟ್ ಸರಿ. ಬೇರೆ ಮ್ಯೂಸಿಕ್ ಸಾಫ್ಟ್‌ವೇರ್ ತೆರೆದಿದ್ದರೆ ಮುಚ್ಚಿಬಿಡಿ, ಅದು ಪೋರ್ಟ್ ಹಿಡಿದು ಕೂತಿರಬಹುದು.

ಯಾವ ಕಡೆಯಿಂದ ಯಾವ ಕಡೆಗೆ

ಇವತ್ತಿನ ಎಪಿಸೋಡ್‌ನಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದ್ರ ಇದನ್ನ ಇಟ್ಟುಕೊಳ್ರಿ. ಎಡಿಟರ್ ತೆರೆದ ಕೂಡಲೇ ಮೊದಲ ಕೆಲಸ ಕೀಬೋರ್ಡ್‌ನಿಂದ ಕಂಪ್ಯೂಟರ್‌ಗೆ ತಗೊಳ್ಳೋದು. ಕಂಪ್ಯೂಟರ್‌ನಿಂದ ಕೀಬೋರ್ಡ್‌ಗೆ ಕಳಿಸೋದು ಆಮೇಲೆ.

ಯಾಕಂದ್ರ ಹೊಸದಾಗಿ ತೆರೆದ ಎಡಿಟರ್‌ನಲ್ಲಿ ನಿಮ್ಮದು ಏನೂ ಇಲ್ಲ. ಅದರ ಪಟ್ಟಿಯನ್ನು ಕೀಬೋರ್ಡ್‌ಗೆ ಬರೆದರೆ ನಿಮ್ಮ ಟೋನ್ ಇದ್ದ ಜಾಗದಲ್ಲಿ ಖಾಲಿ ಟೋನ್ ಕೂರುತ್ತೆ. ನಾನು ಬಿಕಾಂ ಓದಿದವನು, ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ: ಹಳೇ ಪುಸ್ತಕದ ಬಾಕಿ ಹೊಸ ಪುಸ್ತಕಕ್ಕೆ ಎತ್ತಿಕೊಳ್ಳದೇ ಹಳೇದನ್ನು ಹರಿದು ಹಾಕಿದಂಗ. ಆದ್ದರಿಂದ ಮೊದಲು ಎಲ್ಲಾ ಯೂಸರ್ ಟೋನ್ ಓದಿಸಿ, ಫೈಲ್ ಆಗಿ ಸೇವ್ ಮಾಡಿ, ಹೆಸರಿನಲ್ಲಿ ತಾರೀಖು ಹಾಕಿ. ಆ ಫೈಲ್ ಮುಟ್ಟಬೇಡಿ. ಅದರ ಕಾಪಿ ಮೇಲೆ ಕೆಲಸ ಮಾಡಿ.

ಒಂದು ಪೇಟಿ ಟೋನ್ ಮಾಡೋಣ

ಈಗ ಖುಷಿಯ ಭಾಗ. ಅಕಾರ್ಡಿಯನ್ ಅಥವಾ ಹಾರ್ಮೋನಿಯಂ ಹತ್ತಿರದ ಒಂದು ಟೋನ್ ಆರಿಸಿ. ನಿಜವಾದ ಪೇಟಿಯಲ್ಲಿ ಮನಿ ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ದನಿ ಒಂದೇ. ಏರಿಳಿತ ಬರೋದು ಗಾಳಿ ಹಾಕೋ ಕೈಯಿಂದ. ಹಾಗಾಗಿ ವೆಲಾಸಿಟಿ ಸೆನ್ಸ್ ಸೊನ್ನೆಗೆ ತನ್ನಿ. ಏರಿಳಿತಕ್ಕೆ ಎಕ್ಸ್‌ಪ್ರೆಷನ್ ಪೆಡಲ್ ಬಳಸಿ, ಕಾಲೇ ಈಗ ನಿಮ್ಮ ಬಾತೆ. ಅಟ್ಯಾಕ್ ಒಂಚೂರು ನಿಧಾನ ಮಾಡಿ, ರಿಲೀಸ್ ಕಡಿಮೆ ಮಾಡಿ. ವೈಬ್ರೇಟೊ ತೆಗೆದುಬಿಡಿ. ತೀರಾ ಚುಚ್ಚುವಂತಿದ್ದರೆ ಕಟ್ಆಫ್ ಸ್ವಲ್ಪ ಇಳಿಸಿ.

ಶಹನಾಯಿಗೆ ಬೇರೆ ಲೆಕ್ಕ. ಅದನ್ನು ಮೊನೊ ಮಾಡಿ, ಲೆಗಾಟೊ ಆನ್ ಮಾಡಿ, ಪೋರ್ಟಮೆಂಟೊ ಸ್ವಲ್ಪ ಕೊಡಿ. ಆಗ ಒಂದು ಸ್ವರದಿಂದ ಇನ್ನೊಂದಕ್ಕೆ ದನಿ ಜಾರುತ್ತೆ, ಮೀಂಡ್ ಥರ. ಈ ಜಾರೋದು ಬರೋದಿಲ್ಲ ಅನ್ನೋದೂ ಒಂದು ಕಾರಣವಾಗಿ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧ ಇತ್ತು. ಪೇಟಿಗೆ ಆಗದ ಕೆಲಸ ಈಗ ಒಂದು ಸೆಟ್ಟಿಂಗ್‌ನಲ್ಲಿ ಆಗ್ತದ.

ಟೋನ್ ಹಿಡಿಸ್ತಾ? ಹಂಗಾದ್ರ ರೈಟ್ ಮಾಡ್ರಿ. ಎಡಿಟ್ ಮಾಡಿದ್ದು ತಾತ್ಕಾಲಿಕ ಜಾಗದಲ್ಲಿ ಇರುತ್ತೆ. ರೈಟ್ ಮಾಡದೇ ಬೇರೆ ಟೋನ್‌ಗೆ ಹೋದರೆ ಅದು ಗಾಳಿಗೆ ಹೋದಂಗ. ಹೆಸರಿಗೆ 12 ಅಕ್ಷರ ಮಾತ್ರ, ಅದೂ ಇಂಗ್ಲಿಷ್ ಅಕ್ಷರ. ನೋಡಿದ ಕೂಡಲೇ ತಿಳಿಯುವ ಹೆಸರು ಕೊಡಿ. ಗಾಯಕರು "ಕರಿ ಒಂದು" ಅಂದಾಗ ಕತ್ತಲಲ್ಲಿ ಹುಡುಕಬೇಕಾದವರು ನೀವೇ.

ಸ್ಟೇಜಿಗೆ ಹೋಗೋ ಮುಂದ

ಇನ್ನು ಕೆಲವು ಮಾತು ಬೇಗ ಹೇಳ್ತೀನಿ. ಮನಿ ಒತ್ತಿದರೂ ಶಬ್ದವೇ ಇಲ್ಲ ಅಂದರೆ ಗಾಬರಿ ಆಗಬೇಡಿ, ಲೋಕಲ್ ಸ್ವಿಚ್ ಆಫ್ ಆಗಿದೆಯಾ ನೋಡಿ. ಲ್ಯಾಪ್‌ಟಾಪ್ ಕೂಡಿಸಿದಾಗ ಸ್ಪೀಕರ್‌ನಲ್ಲಿ ಗುಂಯ್ ಅಂತ ಬಂದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ ನೋಡಿ, ಬಹಳ ಸಲ ಅಲ್ಲೇ ನಿಲ್ಲುತ್ತೆ. ಸಿಸ್ಟಮ್ ಅಪ್‌ಡೇಟ್ ಮಾಡೋದಿದ್ದರೆ ಕಾರ್ಯಕ್ರಮದ ದಿನ ಬೇಡ, ಕರೆಂಟ್ ಹೋಗೋ ಹೊತ್ತಿನಲ್ಲಂತೂ ಬೇಡವೇ ಬೇಡ. ಇನ್ವರ್ಟರ್ ಇರೋ ಮನೆಯಲ್ಲಿ, ಕೈಯಲ್ಲಿ ಬ್ಯಾಕಪ್ ಇಟ್ಟುಕೊಂಡು ಮಾಡ್ರಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಕೀಬೋರ್ಡ್ ಆನ್ ಆಗದೇ ಹೋಗಬಹುದು. ಆಮೇಲೆ ಅದನ್ನು ಹೊತ್ತುಕೊಂಡು ಸೇಡಂ ಸ್ಟೇಷನ್‌ನಿಂದ ಹೈದರಾಬಾದ್ ರೈಲು ಹತ್ತಬೇಕು.

ಬ್ಯಾಕಪ್ ಫೈಲ್ ಮೂರು ಕಡೆ ಇರಲಿ. ಲ್ಯಾಪ್‌ಟಾಪ್‌ನಲ್ಲಿ ಒಂದು, ಕೀಬೋರ್ಡ್ ಕವರ್‌ನ ಜೇಬಿನಲ್ಲಿರೋ ಪೆನ್‌ಡ್ರೈವ್‌ನಲ್ಲಿ ಒಂದು, ಗೂಗಲ್ ಡ್ರೈವ್‌ನಲ್ಲಿ ಒಂದು. ಫೈಲ್ ಸಣ್ಣದು, ನೆಟ್‌ವರ್ಕ್ ಒಂದೇ ಗೆರೆ ಇದ್ದರೂ ಹೋಗುತ್ತೆ. ಹೊಸ ಟೋನ್ ಮಾಡಿದ ದಿನವೇ ಹೊಸ ಬ್ಯಾಕಪ್.

ಒಂದು ವಿಷಯ ಯೋಚನೆ ಮಾಡ್ರಿ. ನಗರದ ಅಂಗಡಿಗೆ ಹೋಗಿ ರೊಕ್ಕ ಕೊಟ್ಟು "ಟೋನ್ ತುಂಬಿಸಿ" ಅನ್ನೋರು ನಮ್ಮ ಕಡೆ ಬಹಳ ಇದ್ದಾರೆ. ತುಂಬಿಸಿಕೊಂಡ ಟೋನ್ ಎಲ್ಲರ ಹತ್ತಿರವೂ ಒಂದೇ ಇರುತ್ತೆ. ನಿಮ್ಮ ಊರಿನ ಶಹನಾಯಿಯವರನ್ನು ಕೇಳಿಸಿಕೊಂಡು, ಅವರ ಹತ್ತಿರ ಕೂತು, ಕಿವಿಯಿಂದ ಹೊಂದಿಸಿ ಮಾಡಿದ ಟೋನ್ ನಿಮ್ಮ ಒಬ್ಬರ ಹತ್ತಿರ ಇರುತ್ತೆ. ಮುಂದಿನ ಜಾತ್ರೆಗೆ ನಿಮ್ಮನ್ನೇ ಕರೀಬೇಕು ಅಂತ ಕಮಿಟಿಯವರಿಗೆ ಅನ್ನಿಸೋದು ಅದರಿಂದಲೇ. ಅದು ನಿಮ್ಮ ದುಡಿಮೆ, ಅದರ ಕಾಪಿ ನಿಮ್ಮ ಕೈಯಲ್ಲಿ ಇರಬೇಕು.

ಮುಂದಿನ ಎಪಿಸೋಡ್‌ನಲ್ಲಿ ಪ್ಯಾಡಿಗೆ ನಿಮ್ಮದೇ ಡೋಲಕ್, ಹಲಗಿ ಸ್ಯಾಂಪಲ್ ಹಾಕೋದು ಹೆಂಗ ಅಂತ ನೋಡೋಣ. ಅಲ್ಲೀತನಕ ಒಂದು ಖಾಲಿ ಪೆನ್‌ಡ್ರೈವ್ ಹುಡುಕಿ ಇಟ್ಟುಕೊಳ್ರಿ.